ದಂಡನೀತಿಯ ವಿಮರ್ಶಕ ಸರ್ ಥಾಮಸ್ ಮನ್ರೋ

ಬೆಳಗಾವಿಯ ಕೋಟೆಯನ್ನು ಕಾಣದ ವಿದ್ಯಾರ್ಥಿ ನಮ್ಮ ಪ್ರಾಂತದಲ್ಲಿ ವಿರಳ. ದುರ್ಗಾದೇವಿಯ ಗುಡಿ, ಕಮಲಬಸದಿಯ ಕಲ್ಲಿನ ಹೂವು, ಗೋಡೆಯನ್ನು ಸುತ್ತುವರಿದ ಆಳವಾದ ಕಂದಕ, ಇವನ್ನೆಲ್ಲ ನೋಡಿ ಬಂದ ಮಕ್ಕಳು ಪ್ರವಾಸದ ಪ್ರಬಂಧದಲ್ಲಿ ರಟ್ಟರನ್ನೂ ಆದಿಲಶಾಹಿ ಅರಸರನ್ನೂ ಪೇಶ್ವೆಯವರನ್ನೂ ನೆನೆಯುತ್ತಾರೆ. ಆದರೆ 1818ನೆಯ ಇಸವಿಯ ಮಾರ್ಚ್ 20ರಂದು ಈ ಕೋಟೆಯೆದುರು ಡೇರೆ ಹಾಕಿ, ಏಪ್ರಿಲ್ 10ರಂದು ಅದನ್ನು ಕೈವಶ ಮಾಡಿಕೊಂಡ ಥಾಮಸ್ ಮನ್ರೋ ಎಂಬವನ ವಿಷಯವನ್ನು ಒಂದು ವಾಕ್ಯಕ್ಕಿಂತ ಹೆಚ್ಚಾಗಿ ಬರೆದ ಬಾಲಕನನ್ನು ನಾನು ಕಂಡಿಲ್ಲ. ಬರೆದರೂ ಅವನನ್ನು ದಂಡನಾಯಕನೆಂದೋ ರೈತವಾರಿ ಪದ್ಧತಿಯ ಪ್ರವರ್ತಕನೆಂದೋ ಬರೆಯುತ್ತಾರೆ. ಅವನ ಬಾಳಿನ ಮೂರನೆಯ ಮುಖವೊಂದುಂಟು. ಕಳ್ಳನನ್ನು ಹಿಡಿಯುವವರು ಯಾರು, ವಿಚಾರಿಸುವವರು ಯಾರು, ದಂಡಿಸುವವರು ಯಾರು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಜಿಲ್ಲೆಜಿಲ್ಲೆಗಳಿಂದ ವರದಿ ತರಿಸಿ, ತೂಗಿ ನೋಡಿ, ಸರಕಾರಕ್ಕೆ ಹೊಸ ಕಾನೂನಿನ ಕರಡನ್ನು ಒಪ್ಪಿಸಿದವನು ಅವನು. ಬೆಳಗಾವಿಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಆ ಕೆಲಸ ಮುಗಿದಿತ್ತು. ಈ ಲೇಖನದ ಮುಖ್ಯ ವಿಷಯ ಅದೇ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1761ನೆಯ ಇಸವಿಯ ಮೇ 27ರಂದು ಮನ್ರೋ ಜನಿಸಿದನು. ತಂದೆ ವ್ಯಾಪಾರಸ್ಥ. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ವ್ಯಾಪಾರವು ಮುಳುಗಿಹೋದುದರಿಂದ ಮಗನು ಕಂಪನಿಯ ಕಾಲಾಳು ಪಡೆಯಲ್ಲಿ ಅಭ್ಯರ್ಥಿಯಾಗಿ 1780ರಲ್ಲಿ ಮದ್ರಾಸಿಗೆ ಬಂದಿಳಿದನು. ಹೈದರಲಿ, ಟಿಪ್ಪುಸುಲ್ತಾನರೊಡನೆ ನಡೆದ ಯುದ್ಧಗಳನ್ನು ಕಂಡನು. 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತನು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆನರಾ ಜಿಲ್ಲೆಗೆ, ಅಲ್ಲಿಂದ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪಾ ಮೊದಲಾದ ದತ್ತಮಂಡಲಗಳಿಗೆ ಕಲೆಕ್ಟರನಾಗಿ ಹೋದನು. ಏಳು ವರ್ಷಗಳ ಕಾಲ ಡೇರೆಯಲ್ಲಿಯೇ ವಾಸಮಾಡುತ್ತ ಊರೂರು ತಿರುಗಿದನು. ದುಭಾಷಿಯನ್ನು ನಡುವೆ ನಿಲ್ಲಿಸಿಕೊಳ್ಳದೆ ರೈತನೊಡನೆ ತಾನೇ ಮಾತನಾಡುವುದು ಅವನ ಪದ್ಧತಿಯಾಗಿತ್ತು. ಕಠೋರನಲ್ಲವೆಂದು ಹೇಳುವಂತಿಲ್ಲ. ದತ್ತಮಂಡಲಗಳ ಪಾಳೆಯಗಾರರನ್ನು ಅವನು ನಿರ್ದಾಕ್ಷಿಣ್ಯವಾಗಿ ಅಡಗಿಸಿದನು.

ಆ ಕಾಲದ ನ್ಯಾಯವ್ಯವಸ್ಥೆ ಎಂತಹದೆಂಬುದನ್ನು ತಿಳಿಯದೆ ಅವನ ವಿಚಾರ ಅರ್ಥವಾಗದು. ಕಾರ್ನ್‌ವಾಲಿಸ್ ಸಾಹೇಬನು 1793ರಲ್ಲಿ ಬಂಗಾಳಕ್ಕಾಗಿ ರಚಿಸಿದ ಏರ್ಪಾಡನ್ನು 1802ರಲ್ಲಿ ಮದ್ರಾಸ್ ಪ್ರಾಂತಕ್ಕೂ ತಂದರು. ಅದರಂತೆ ಕಲೆಕ್ಟರನ ಕೈಯಲ್ಲಿ ಕಂದಾಯ ಮಾತ್ರ ಉಳಿಯಿತು. ಮ್ಯಾಜಿಸ್ಟ್ರೇಟನ ಅಧಿಕಾರವು ಜಿಲ್ಲಾ ನ್ಯಾಯಾಧೀಶನಿಗೆ ಹೋಯಿತು. ಅವನ ಕೆಳಗೆ ಠಾಣೆಠಾಣೆಗೆ ಸಂಬಳದ ದರೋಗಾ. ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ, ಏಕೆಂದರೆ ತೆರಿಗೆ ಎತ್ತುವವನೇ ದಂಡಿಸುವವನಾಗಬಾರದೆಂಬ ತತ್ತ್ವ ಅದರ ಬುಡದಲ್ಲಿತ್ತು. ಆದರೆ ನೆಲದ ಮೇಲೆ ನಡೆದುದು ಬೇರೆ. ನಮ್ಮ ಹಳ್ಳಿಗಳಲ್ಲಿ ಅನಾದಿಯಿಂದ ಗೌಡನೂ ತಳವಾರನೂ ಊರ ಕಾವಲಿಗೆ ಹೊಣೆಯಾಗಿದ್ದರು. ಕಳುವಾದರೆ ತಳವಾರನು ಹೆಜ್ಜೆ ಹಿಡಿದು ಮುಂದಿನ ಊರಿನ ಎಲ್ಲೆಯವರೆಗೆ ಹೋಗಬೇಕು, ಅಲ್ಲಿಂದ ಆ ಊರಿನ ತಳವಾರನ ಹೊಣೆ. ಹೊರಗಿನಿಂದ ಬಂದ ದರೋಗಾನಿಗೆ ಈ ಹೆಜ್ಜೆಯೂ ತಿಳಿಯದು, ಊರಿನ ನಡೆಯೂ ತಿಳಿಯದು. ಜಿಲ್ಲಾ ನ್ಯಾಯಾಧೀಶನು ಎಲ್ಲಿಯೋ ದೂರದ ಪಟ್ಟಣದಲ್ಲಿ ಕುಳಿತಿರುವನು. ಮನೆ ಕಳುವಾದ ಬಡವನು ಸಾಕ್ಷಿಗಳನ್ನು ಕಟ್ಟಿಕೊಂಡು, ಬಿತ್ತನೆ ಬಿಟ್ಟು, ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ವಾರಗಟ್ಟಲೆ ಕಾಯಬೇಕು. ಕಳ್ಳನಿಂದಾದ ನಷ್ಟಕ್ಕಿಂತ ನ್ಯಾಯದಿಂದಾದ ನಷ್ಟವೇ ದೊಡ್ಡದಾದಾಗ ಜನರು ಕಳವನ್ನು ಬಚ್ಚಿಡತೊಡಗಿದರು. ಅಪರಾಧಗಳ ಲೆಕ್ಕ ಕಡಿಮೆಯಾಗಿ ತೋರಿದ ಮಾತ್ರಕ್ಕೆ ನಾಡು ನೆಮ್ಮದಿಯಾಗಿದೆಯೆಂದು ನಂಬಲಾಗದೆಂಬುದನ್ನು ಮನ್ರೋ ಬಲ್ಲವನಾಗಿದ್ದನು.

1807ರಲ್ಲಿ ಅವನು ಸ್ವದೇಶಕ್ಕೆ ಮರಳಿದನು. ಕಂಪನಿಯ ಸನದು ಹೊಸದಾಗಬೇಕಾಗಿದ್ದ ಸಮಯವದು. 1812ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಐದನೆಯ ವರದಿ ಹೊರಬಂದು, ಬಂಗಾಳದ ಪದ್ಧತಿಯ ದೋಷಗಳು ಎಲ್ಲರ ಬಾಯಲ್ಲಿದ್ದವು. ಮನ್ರೋ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದನು. ಕೊನೆಗೆ ಲಂಡನ್ನಿನ ಅಧಿಕಾರಿಗಳು ಮದ್ರಾಸಿನ ನ್ಯಾಯಪದ್ಧತಿಯ ಪರಿಶೋಧನೆಗಾಗಿ ಒಂದು ಆಯೋಗವನ್ನು ನೇಮಿಸಿ, ಅದಕ್ಕೆ ಅವನನ್ನೇ ಮುಖ್ಯನನ್ನಾಗಿ ಮಾಡಿ ಕಳುಹಿದರು. 1814ರ ಸೆಪ್ಟೆಂಬರಿನಲ್ಲಿ ನವವಧು ಜೇನ್ ಕ್ಯಾಂಬೆಲ್ಲಳೊಡನೆ ಅವನು ಮತ್ತೆ ಮದ್ರಾಸಿಗೆ ಬಂದನು. ಜಾರ್ಜ್ ಸ್ಟ್ರ್ಯಾಟನ್ ಎಂಬವನು ಎರಡನೆಯ ಸದಸ್ಯ.

ಆಮೇಲಿನ ಎರಡು ವರ್ಷಗಳು ಲೇಖನಿಯ ಯುದ್ಧದಲ್ಲಿ ಕಳೆದವು. ಮದ್ರಾಸಿನ ಸದರ ಅದಾಲತಿನವರೂ ಆಡಳಿತ ಮಂಡಲಿಯವರೂ ಅವನನ್ನು ಸ್ವಾಗತಿಸಲಿಲ್ಲ. ಲಂಡನ್ನಿನ ಆಜ್ಞೆಯನ್ನು ನೇರವಾಗಿ ಮೀರಲಾರದೆ, ಪತ್ರಕ್ಕೆ ಪತ್ರ ಬರೆದು, ಸಂಶಯಕ್ಕೆ ಸಂಶಯ ಎತ್ತಿ ಕಾಲ ತಳ್ಳಿದರು. ಕಚೇರಿಗಳಲ್ಲಿ ಕೆಲಸ ಮಾಡಿದ ವಾಚಕರಿಗೆ ಈ ಕಲೆಯನ್ನು ವಿವರಿಸಬೇಕಾಗಿಲ್ಲ! ಆದರೆ ಅವರ ಆಕ್ಷೇಪಣೆಯೆಲ್ಲವೂ ಹಠವಾಗಿರಲಿಲ್ಲ. ಕಲೆಕ್ಟರನಿಗೆ ಪೊಲೀಸು ಮತ್ತು ಮ್ಯಾಜಿಸ್ಟ್ರೇಟಿಕೆಯನ್ನು ಕೊಟ್ಟರೆ, ಅವನ ಕೈಕೆಳಗಿನ ಕಂದಾಯದ ನೌಕರನು ಪ್ರಜೆಯನ್ನು ಪೀಡಿಸಿದಾಗ ಪ್ರಜೆಯು ಯಾರಲ್ಲಿ ದೂರಬೇಕು ಎಂದು ಅವರು ಕೇಳಿದರು. ಮನ್ರೋವಿನ ಉತ್ತರವು ಅನುಭವದಿಂದ ಹುಟ್ಟಿದ್ದು. ನಾಡನ್ನು ಸುತ್ತುವವನು ಕಲೆಕ್ಟರನೊಬ್ಬನೇ, ಜನರ ಭಾಷೆಯನ್ನು ಬಲ್ಲವನೂ ಅವನೇ, ಆದುದರಿಂದ ಕಾವಲಿನ ಹೊಣೆಯೂ ಅವನಿಗೇ ಸಲ್ಲಬೇಕು ಎಂಬುದು ಅವನ ನಿಲುವು. ಒಳ್ಳೆಯ ಕಲೆಕ್ಟರನು ತಾನೇ ಆಗಿದ್ದುದರಿಂದ ಕೆಟ್ಟ ಕಲೆಕ್ಟರನನ್ನು ಅವನು ಸಾಕಷ್ಟು ಊಹಿಸಿಕೊಳ್ಳಲಿಲ್ಲವೆಂದು ನನ್ನ ಅಭಿಪ್ರಾಯ.

1816ರಲ್ಲಿ ಕಾಯಿದೆಗಳು ಒಂದರ ಹಿಂದೊಂದು ಹೊರಟವು. ದರೋಗಾಗಳ ಪದ್ಧತಿ ರದ್ದಾಯಿತು. ಊರ ಕಾವಲು ಮರಳಿ ಗೌಡ ತಳವಾರರಿಗೆ ಬಂದಿತು, ತಾಲೂಕಿನ ಕಾವಲು ತಹಶೀಲದಾರನಿಗೆ, ಜಿಲ್ಲೆಯದು ಕಲೆಕ್ಟರನಿಗೆ. ದಿವಾಣಿ ವ್ಯಾಜ್ಯಗಳಿಗಾಗಿ ಗ್ರಾಮ ಮುನಸೀಫರು, ಜಿಲ್ಲಾ ಮುನಸೀಫರು, ಪಂಚಾಯತಿಗಳು ಬಂದವು. ಇವರೆಲ್ಲರೂ ದೇಶೀಯರು ಎಂಬುದನ್ನು ಗಮನಿಸಬೇಕು. ಇವುಗಳಲ್ಲಿ ಮುನಸೀಫರ ಕಚೇರಿಗಳು ಬೇಗನೆ ಬೇರುಬಿಟ್ಟವು. ಮನ್ರೋ ಬಹಳವಾಗಿ ನೆಚ್ಚಿದ್ದ ಪಂಚಾಯತಿಗಳ ಕಡೆಗೆ ಮಾತ್ರ ಜನರು ಹೆಚ್ಚಾಗಿ ಸುಳಿಯಲಿಲ್ಲ. ಹಳೆಯದನ್ನು ಕಾನೂನಿನ ಚೌಕಟ್ಟಿನಲ್ಲಿ ಕೂಡಿಸಿದ ಮಾತ್ರಕ್ಕೆ ಅದು ಹಳೆಯದಾಗಿಯೇ ಉಳಿಯುವುದಿಲ್ಲವೆಂಬುದು ಅವನಿಗೆ ಹೊಳೆಯದೆ ಹೋಯಿತೋ ಏನೋ.

ಈ ಕಾಯಿದೆಗಳಲ್ಲಿ ನನ್ನ ಮನಸ್ಸಿಗೆ ಮುಳ್ಳಿನಂತೆ ನಾಟುವ ಒಂದು ಸಂಗತಿಯುಂಟು. 1816ರ ಹನ್ನೊಂದನೆಯ ಕಾಯಿದೆಯು ಬೈಗುಳ, ಸಣ್ಣ ಹೊಡೆದಾಟಗಳಂತಹ ಕ್ಷುಲ್ಲಕ ಅಪರಾಧಗಳಿಗೆ ಗ್ರಾಮದ ಮುಖ್ಯನು ಅಪರಾಧಿಯನ್ನು ಹನ್ನೆರಡು ಗಂಟೆಗಳನ್ನು ಮೀರದಂತೆ ಚಾವಡಿಯಲ್ಲಿ ಕೂಡಿಹಾಕಬಹುದೆಂದಿತು. ಅಪರಾಧಿಯು ಕೀಳೆಂದೆಣಿಸಲ್ಪಟ್ಟ ಜಾತಿಯವನಾಗಿದ್ದರೆ ಅವನ ಕಾಲಿಗೆ ಮರದ ಕೋಳವನ್ನು ಹಾಕಿ ಆರು ಗಂಟೆಗಳವರೆಗೆ ಕೂರಿಸಬಹುದೆಂದೂ ಹೇಳಿತು. ಒಂದೇ ತಪ್ಪು, ಆದರೆ ಹುಟ್ಟನ್ನು ನೋಡಿ ದಂಡ ಬೇರೆ. ಹಳೆಯ ಆಚಾರವನ್ನು ಅಳುಕದೆ ಕಾನೂನಿನೊಳಗೆ ಬರೆದುದರ ಫಲವಿದು. ಈ ವಿಧಿಯು ಇಪ್ಪತ್ತನೆಯ ಶತಮಾನದವರೆಗೂ ಜೀವಂತವಾಗಿದ್ದಿತೆಂಬುದು ಇನ್ನೂ ವ್ಯಸನಕರ. ಊರನ್ನು ಬಲ್ಲವರೇ ಊರಿಗೆ ನ್ಯಾಯ ಕೊಡಲಿ ಎಂದ ಮನ್ರೋ, ಊರು ಯಾರನ್ನು ಹೊರಗಿಟ್ಟಿತ್ತೆಂಬುದನ್ನು ವಿಚಾರಿಸಲಿಲ್ಲ.

ಆಯೋಗದ ಕೆಲಸ ತೀರುವ ಹೊತ್ತಿಗೆ ಅವನಿಗೆ ನಮ್ಮ ನಾಡಿನ ನಂಟು ಬಂದಿತು. 1817ರ ಪುಣೆಯ ಒಪ್ಪಂದದಿಂದ ಧಾರವಾಡ, ಕುಸುಗಲ್ಲಿನ ಸೀಮೆಗಳು ಕಂಪನಿಗೆ ಸೇರಿ, ಅವುಗಳ ಕಮಿಶನರನಾಗಿ ಮನ್ರೋ ಧಾರವಾಡಕ್ಕೆ ಬಂದನು. ಅಷ್ಟರಲ್ಲಿಯೇ ಪೇಶ್ವೆಯೊಡನೆ ಯುದ್ಧ. ಅವನ ಬಳಿ ಸೈನ್ಯವೆಂಬುದು ಹೆಸರಿಗೆ ಮಾತ್ರ. ಅವನು ದೇಶೀಯ ಅಮಲ್ದಾರರನ್ನು ನೇಮಿಸಿ, ಊರೂರಿನ ಬಂಟರನ್ನು ಕೂಡಿಸಿ, ತಾಲೂಕುಗಳನ್ನು ವಶಮಾಡಿಕೊಳ್ಳಲು ಕಳುಹಿದನು. ನವಲಗುಂದದಲ್ಲಿ ರಾಮರಾಯನೆಂಬ ಅಮಲ್ದಾರನು ಕೆಲವು ನೂರು ಬಂಟರೊಡನೆ ಗೋಖಲೆಯ ಕುದುರೆಪಡೆಯನ್ನೇ ಓಡಿಸಿದನು. ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ, ಬಾಗಲಕೋಟೆಗಳು ಕೈಸೇರಿದವು. ಬಳಿಕ ಬೆಳಗಾವಿಯ ಮುತ್ತಿಗೆ. ಮೂರು ವಾರಗಳ ಕಾಲ ಫಿರಂಗಿಗಳು ಗುಡುಗಿದ ಮೇಲೆ ಕೋಟೆಯವರು ಶರಣಾದರು. ಕಿತ್ತೂರಿನ ದೇಸಾಯಿಯು ಈ ಮುತ್ತಿಗೆಯಲ್ಲಿ ಮನ್ರೋವಿಗೆ ನೆರವಾದನು. ಅದಕ್ಕೆ ಪ್ರತಿಯಾಗಿ ಕಪ್ಪವನ್ನು ಗೊತ್ತುಮಾಡಿ ಸಂಸ್ಥಾನವನ್ನು ಅವನಿಗೇ ಉಳಿಸಲಾಯಿತು. ಆ ಉಳಿಕೆ ಎಷ್ಟು ದಿನದ್ದೆಂಬುದು ಎಲ್ಲರಿಗೂ ತಿಳಿದೇ ಇದೆ.

ಗೆದ್ದ ನಾಡಿನಲ್ಲಿ ಹೊಸ ಕಾನೂನನ್ನು ಹೇರಲು ಅವನು ಆತುರಪಡಲಿಲ್ಲ. ಪಾಟೀಲ, ಕುಲಕರ್ಣಿ, ಮಾಮಲೇದಾರರನ್ನು ಇದ್ದಂತೆಯೇ ಇರಿಸಿ, ಅವರ ಮೇಲೆ ಕಣ್ಣಿಡುವುದೇ ಲೇಸೆಂಬುದು ಅವನ ಮತ. ಪುಣೆಯಲ್ಲಿದ್ದ ಎಲ್ಫಿನ್‌ಸ್ಟನ್ ಸಾಹೇಬನೂ ಹೆಚ್ಚು ಕಡಿಮೆ ಇದೇ ಮತದವನು. ಬಳ್ಳಾರಿ ಸೀಮೆಯಲ್ಲಿ ಪಳಗಿದ್ದ ಚಾಪ್ಲಿನ್‌ಗೆ ಧಾರವಾಡವನ್ನು ಒಪ್ಪಿಸಿ ಮನ್ರೋ ಹೊರಟನು. ಬೆಳಗಾವಿಯು 1836ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಧಾರವಾಡದ ಕಲೆಕ್ಟರನ ಅಧೀನದಲ್ಲಿಯೇ ಇತ್ತು.

1820ರಲ್ಲಿ ಅವನು ಮದ್ರಾಸಿನ ಗವರ್ನರನಾದನು. ನಾಲ್ಕು ವರ್ಷಗಳ ತರುವಾಯ ಕಿತ್ತೂರಿನಲ್ಲಿ ದತ್ತಕದ ವಿವಾದವೆದ್ದಿತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಹತನಾದನು. ಡಿಸೆಂಬರಿನಲ್ಲಿ ಕಂಪನಿಯ ದಂಡು ಮತ್ತೆ ಬಂದು ರಾಣಿ ಚೆನ್ನಮ್ಮನ ಕೋಟೆಯನ್ನು ಹಿಡಿದಾಗ, ಮಡಿದ ಆಂಗ್ಲರಲ್ಲಿ ಸೊಲ್ಲಾಪುರದ ಉಪಕಲೆಕ್ಟರನೂ ಒಬ್ಬ. ಅವನು ಮನ್ರೋವಿನ ಸೋದರನ ಮಗ. ಆ ತಿಂಗಳ ಕೊನೆಯ ದಿನಾಂಕವನ್ನು ಹೊತ್ತು, 1824ರ ಡಿಸೆಂಬರ್ 31ರಂದು, ಗವರ್ನರ್ ಮನ್ರೋ ಬರೆದಿಟ್ಟ ದೀರ್ಘ ಟಿಪ್ಪಣಿಯು ಪ್ರಸಿದ್ಧವಾಗಿದೆ. ದೇಶೀಯರನ್ನು ಎಲ್ಲ ಉನ್ನತ ಪದವಿಗಳಿಂದ ದೂರವಿಟ್ಟರೆ ಅವರ ಶೀಲವೇ ಕುಗ್ಗುವುದೆಂದೂ, ಮುಂದೊಂದು ದಿನ ಅವರೇ ತಮ್ಮ ನಾಡನ್ನು ಆಳುವ ಯೋಗ್ಯತೆಯನ್ನು ಪಡೆಯುವಂತೆ ಆಡಳಿತ ನಡೆಯಬೇಕೆಂದೂ ಅದರಲ್ಲಿ ಅವನು ವಾದಿಸಿದನು. ತಮ್ಮವನೊಬ್ಬನು ಕನ್ನಡಿಗರ ಕೋಟೆಯ ಮುಂದೆ ಬಿದ್ದ ತಿಂಗಳಿನಲ್ಲಿಯೇ ಇಂತಹ ಮಾತನ್ನು ಬರೆದುದು ಸಾಮಾನ್ಯವಲ್ಲ. 1827ರಲ್ಲಿ ಫೌಜದಾರಿ ಮೊಕದ್ದಮೆಗಳಲ್ಲಿ ಪಂಚರ ಸಹಾಯದಿಂದ ವಿಚಾರಣೆ ನಡೆಸುವ ಕಾಯಿದೆಯನ್ನೂ ಮದ್ರಾಸಿನಲ್ಲಿ ಹೊರಡಿಸಲಾಯಿತು.

ಅದೇ ವರ್ಷ ಸ್ವದೇಶಕ್ಕೆ ಹೊರಡುವ ಮೊದಲು ತನ್ನ ಹಳೆಯ ದತ್ತಮಂಡಲಗಳನ್ನು ಕಡೆಯ ಬಾರಿ ನೋಡಬೇಕೆಂದು ಹೋದವನು, ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡನು. ಗುತ್ತಿಯಲ್ಲಿ ಮಣ್ಣುಮಾಡಿ, ಮುಂದೆ ಅಸ್ಥಿಗಳನ್ನು ಮದ್ರಾಸಿನ ಕೋಟೆಯ ಇಗರ್ಜಿಗೆ ಸಾಗಿಸಿದರು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರುಂಟು. ಮಂತ್ರಾಲಯದಲ್ಲಿ ಅವನಿಗೆ ಯತಿದರ್ಶನವಾಯಿತೆಂಬ ಕಥೆಯನ್ನು ಭಕ್ತರು ಇಂದಿಗೂ ಹೇಳುತ್ತಾರೆ.

ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಮನ್ರೋ ಸತ್ತ ನಾಲ್ಕು ವರ್ಷಗಳ ತರುವಾಯ, 1831ರಲ್ಲಿ. ಖಾನಾಪುರ, ಬೀಡಿ, ನಂದಗಡಗಳ ಕಾಡುಗಳಲ್ಲಿ ಕಂಪನಿಯ ದಂಡಿಗೆ ಸಿಗದ ರಾಯಣ್ಣನು ಸಿಕ್ಕಿದ್ದು ಊರ ಗೌಡರ ಸಹಾಯದಿಂದ. ಹೆಜ್ಜೆ ಬಲ್ಲವನು ಊರಿನವನೇ ಎಂಬ ಮನ್ರೋವಿನ ಮಾತು ಹೀಗೂ ಸತ್ಯವಾಯಿತು! ಮದ್ರಾಸಿನ ಸದರ ಅದಾಲತಿನವರು ಎತ್ತಿದ ಸಂಶಯವೂ ಸತ್ಯವಾಗದೆ ಉಳಿಯಲಿಲ್ಲ. 1855ರಲ್ಲಿ ಆ ಪ್ರಾಂತದ ಚಿತ್ರಹಿಂಸೆಯ ವಿಚಾರಣಾ ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆಗಾಗಿಯೂ ಕೆಳಗಿನ ನೌಕರರು ಜನರನ್ನು ಬಾಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು, ಬೆರಳುಗಳನ್ನು ಹಿಸುಕುತ್ತಿದ್ದರು. ಕಂದಾಯವೂ ಪೊಲೀಸೂ ಒಂದೇ ಕೈಯಲ್ಲಿದ್ದುದರಿಂದ ಈ ಎರಡು ಹಿಂಸೆಗಳಿಗೂ ಹಸ್ತ ಒಂದೇ ಆಗಿತ್ತು. 1859ರಲ್ಲಿ ಮದ್ರಾಸಿನ ಪೊಲೀಸರನ್ನು ಕಂದಾಯದಿಂದ ಬೇರ್ಪಡಿಸಿದರು. ಮ್ಯಾಜಿಸ್ಟ್ರೇಟಿಕೆಯ ಗಂಟು ಮಾತ್ರ ಬಿಚ್ಚಲು ಬಹುಕಾಲ ಹಿಡಿಯಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆಮಾಡಬೇಕೆಂದು ಸಂವಿಧಾನದ 50ನೆಯ ಅನುಚ್ಛೇದ ವಿಧಿಸಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯು ಮ್ಯಾಜಿಸ್ಟ್ರೇಟರನ್ನು ಎರಡು ವರ್ಗವಾಗಿ ವಿಂಗಡಿಸಿತು. 2024ರ ಜುಲೈ 1ರಂದು ಆ ಸಂಹಿತೆಯ ಸ್ಥಾನಕ್ಕೆ ಬಂದ ಹೊಸ ಸಂಹಿತೆಯೂ ಈ ವಿಂಗಡಣೆಯನ್ನು ಉಳಿಸಿಕೊಂಡಿದೆ. ಇಂದು ಖಾನಾಪುರದಲ್ಲಿ ಕಳವಿನ ಮೊಕದ್ದಮೆಯನ್ನು ವಿಚಾರಿಸುವವರು ಅಲ್ಲಿನ ನ್ಯಾಯಾಲಯದ ನ್ಯಾಯಾಧೀಶರು. ಶಾಂತಿಭಂಗವಾಗುವ ಸಂಭವವಿದ್ದಾಗ ಮುಚ್ಚಳಿಕೆ ಬರೆಸಿಕೊಳ್ಳುವಂತಹ ಕೆಲವು ಅಧಿಕಾರಗಳು ಮಾತ್ರ ತಹಶೀಲದಾರರ ಕಚೇರಿಯಲ್ಲಿ ಉಳಿದಿವೆ.