ಎರಡು ಚಿನ್ನದ ಪದಕ ಕಳೆದುಕೊಂಡ ಜಿಮ್ ಥೋರ್ಪ್



ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಅಮೆರಿಕ ದೇಶದ ಜಿಮ್ ಥೋರ್ಪ್ ಎಂಬ ಮಹಾನ್ ಆಟಗಾರರ ಜೀವನವನ್ನು ಬರೆದಿದ್ದೇನೆ. ಇವರ ಜೊತೆಗೆ ಕಾರ್ಲೈಲ್ ಎಂಬ ಒಂದು ಶಾಲೆಯ ಫುಟ್‌ಬಾಲ್ ತಂಡದ ಕಥೆಯೂ ಬರುತ್ತದೆ. ಆ ಶಾಲೆ ಈಗ ಇಲ್ಲ, ತಂಡವೂ ಇಲ್ಲ. ಆದರೂ ಜನ ಇನ್ನೂ ಅದನ್ನು ನೆನೆಸಿಕೊಳ್ಳುತ್ತಾರೆ. ಯಾಕೆ ಅಂತ ಓದಿ ನೋಡಿ.

ಬಾಲ್ಯ

ಜಿಮ್ ಥೋರ್ಪ್ ಈಗಿನ ಓಕ್ಲಹೋಮ ರಾಜ್ಯದಲ್ಲಿ ಪ್ರೇಗ್ ಎಂಬ ಊರಿನ ಹತ್ತಿರ ಜನಿಸಿದರು. ಹುಟ್ಟಿದ್ದು 1887 ಅಂತ ಕೆಲವರು, 1888 ಅಂತ ಕೆಲವರು ಬರೆಯುತ್ತಾರೆ. ತಂದೆಯ ಹೆಸರು ಹೈರಮ್, ತಾಯಿಯ ಹೆಸರು ಷಾರ್ಲೆಟ್. ಇವರು ಸ್ಯಾಕ್ ಅಂಡ್ ಫಾಕ್ಸ್ ಎಂಬ ಬುಡಕಟ್ಟಿನವರು. ಕೊಲಂಬಸ್ ತಾನು ಇಂಡಿಯಾಕ್ಕೆ ಬಂದೆ ಅಂದುಕೊಂಡು ಅಲ್ಲಿನ ಜನರನ್ನು ಇಂಡಿಯನ್ನರು ಅಂತ ಕರೆದ. ಹಳೆಯ ಪುಸ್ತಕಗಳಲ್ಲಿ ರೆಡ್ ಇಂಡಿಯನ್ನರು ಅಂತ ಇರುತ್ತದೆ. ಸರಿಯಾಗಿ ಹೇಳಬೇಕು ಅಂದರೆ ಅವರು ಅಮೆರಿಕದ ಮೂಲನಿವಾಸಿಗಳು.

ಅವರ ಭಾಷೆಯಲ್ಲಿ ಜಿಮ್‌ಗೆ ವಾ-ಥೋ-ಹುಕ್ ಎಂಬ ಹೆಸರಿತ್ತು. ಬೆಳಕು ಬಿದ್ದ ದಾರಿ ಎಂಬುದು ಅದರ ಅರ್ಥ. ಜಿಮ್‌ಗೆ ಚಾರ್ಲಿ ಎಂಬ ಅವಳಿ ತಮ್ಮ ಇದ್ದ. ಇಬ್ಬರೂ ಕಾಡು ಮೇಡು ಸುತ್ತುತ್ತಾ, ಕುದುರೆ ಹತ್ತುತ್ತಾ, ಹೊಳೆಯಲ್ಲಿ ಈಜುತ್ತಾ ಬೆಳೆದರು. ಆದರೆ ಚಾರ್ಲಿ ಸಣ್ಣ ವಯಸ್ಸಿನಲ್ಲೇ ನ್ಯುಮೋನಿಯ ಬಂದು ತೀರಿಕೊಂಡ. ಆಮೇಲೆ ಜಿಮ್‌ಗೆ ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಪದೇ ಪದೇ ಮನೆಗೆ ಓಡಿ ಬರುತ್ತಿದ್ದ. ಅಪ್ಪ ಬೇಸತ್ತು ಕ್ಯಾನ್ಸಸ್ ರಾಜ್ಯದ ಹ್ಯಾಸ್ಕೆಲ್ ಎಂಬ ದೂರದ ಶಾಲೆಗೆ ಹಾಕಿದರು. ಫುಟ್‌ಬಾಲ್ ಎಂಬ ಆಟವನ್ನು ಜಿಮ್ ಸರಿಯಾಗಿ ನೋಡಿದ್ದು ಅಲ್ಲೇ. ಕೆಲವು ವರ್ಷಗಳಲ್ಲಿ ತಾಯಿಯೂ ತೀರಿಕೊಂಡರು, ತಂದೆಯೂ ತೀರಿಕೊಂಡರು. 1904ರಲ್ಲಿ ಜಿಮ್ ಪೆನ್ಸಿಲ್ವೇನಿಯ ರಾಜ್ಯದ ಕಾರ್ಲೈಲ್ ಶಾಲೆಗೆ ಸೇರಿದ.

ಕಾರ್ಲೈಲ್ ಎಂಥ ಶಾಲೆ?

ಈ ಶಾಲೆಯನ್ನು 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೈನ್ಯಾಧಿಕಾರಿ ಪ್ರಾರಂಭಿಸಿದರು. ಹಳೆಯ ಸೈನಿಕರ ವಸತಿಯೇ ಶಾಲೆಯಾಯಿತು. ಮೂಲನಿವಾಸಿಗಳ ಮಕ್ಕಳನ್ನು ಬಿಳಿಯರ ಥರ ಮಾಡಬೇಕು ಅನ್ನುವುದು ಅವರ ಉದ್ದೇಶ. ಮಕ್ಕಳನ್ನು ರೈಲಿನಲ್ಲಿ ಸಾವಿರಾರು ಮೈಲಿ ದೂರದಿಂದ ಕರೆತರುತ್ತಿದ್ದರು. ಬಂದ ಕೂಡಲೇ ಉದ್ದ ಕೂದಲು ಕತ್ತರಿಸುತ್ತಿದ್ದರು. ಹೆಸರು ಬದಲಾಯಿಸುತ್ತಿದ್ದರು. ಸಮವಸ್ತ್ರ ಹಾಕಿಸಿ ಸೈನಿಕರ ಹಾಗೆ ಕವಾಯತು ಮಾಡಿಸುತ್ತಿದ್ದರು. ತಮ್ಮ ಮಾತೃಭಾಷೆ ಆಡಿದರೆ ಶಿಕ್ಷೆ ಕೊಡುತ್ತಿದ್ದರು.

ಗೆಳೆಯರೇ, ನಾವು ಕನ್ನಡದಲ್ಲೇ ಓದ್ತೀವಿ, ಕನ್ನಡದಲ್ಲೇ ಆಟ ಆಡ್ತೀವಿ, ಜಗಳಾನೂ ಕನ್ನಡದಲ್ಲೇ ಆಡ್ತೀವಿ. ಅವ್ವ ಕಲಿಸಿದ ಮಾತು ಆಡಿದ್ದಕ್ಕೆ ಏಟು ಬಿದ್ದರೆ ಹೇಗಿರುತ್ತೆ ಅಂತ ಸ್ವಲ್ಪ ಯೋಚಿಸಿ.

ಅನೇಕ ಮಕ್ಕಳು ಕಾಯಿಲೆ ಬಿದ್ದು ಅಲ್ಲೇ ಸತ್ತರು. 180ಕ್ಕೂ ಹೆಚ್ಚು ಮಕ್ಕಳನ್ನು ಶಾಲೆಯ ಸ್ಮಶಾನದಲ್ಲೇ ಮಣ್ಣು ಮಾಡಿದರು. 2017ರಿಂದ ಈಚೆಗೆ ಕೆಲವು ಮಕ್ಕಳ ಅವಶೇಷಗಳನ್ನು ಅವರ ಬುಡಕಟ್ಟಿನವರು ತಮ್ಮ ಊರಿಗೆ ತೆಗೆದುಕೊಂಡು ಹೋಗಿದ್ದಾರೆ.

ಅಮೆರಿಕದ ಫುಟ್‌ಬಾಲ್

ಇದು ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಆಕಾರದಲ್ಲಿ ಇರುತ್ತದೆ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಬೇಕು. ಅದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಎದುರಿನವರು ಕಬಡ್ಡಿಯಲ್ಲಿ ಹಿಡಿದ ಹಾಗೆ ಹಿಡಿದು ಕೆಡವುತ್ತಾರೆ. ಎರಡು ಕಂಬಗಳ ನಡುವೆ ಚೆಂಡನ್ನು ಒದ್ದರೂ ಅಂಕ ಸಿಗುತ್ತದೆ. ಆಗಿನ ಕಾಲದಲ್ಲಿ ಈ ಆಟದಲ್ಲಿ ಕೈ ಕಾಲು ಮುರಿಯುವುದು ಮಾಮೂಲು. ಸತ್ತವರೂ ಇದ್ದಾರೆ. ಅದಕ್ಕೇ 1906ರಲ್ಲಿ ನಿಯಮ ಬದಲಾಯಿಸಿ ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟರು.

ಕಾರ್ಲೈಲ್ ತಂಡ 1893ರಲ್ಲಿ ದೊಡ್ಡ ಪಂದ್ಯಗಳನ್ನು ಆಡಲು ಶುರು ಮಾಡಿತು. ಹುಡುಗರು ಮೈಕಟ್ಟಿನಲ್ಲಿ ಸಣ್ಣವರು. ಎದುರಿಗೆ ಹಾರ್ವರ್ಡ್, ಪೆನ್ಸಿಲ್ವೇನಿಯ ಮುಂತಾದ ಶ್ರೀಮಂತರ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು. ಹೆಚ್ಚಿನ ಪಂದ್ಯಗಳನ್ನು ಬೇರೆಯವರ ಊರಿಗೇ ಹೋಗಿ ಆಡಬೇಕಿತ್ತು. ಹಾಗಾಗಿ ಇವರು ವೇಗ ಮತ್ತು ಬುದ್ಧಿಯನ್ನೇ ನಂಬಿಕೊಂಡರು. ಪಾಪ್ ವಾರ್ನರ್ ಎಂಬುವರು ಇವರ ತರಬೇತುದಾರರು.

ಒಂದು ತಮಾಷೆ ಕೇಳಿ. 1903ರಲ್ಲಿ ಹಾರ್ವರ್ಡ್ ವಿರುದ್ಧ ಆಡುವಾಗ ಕಾರ್ಲೈಲ್ ಹುಡುಗರು ಚೆಂಡನ್ನು ಒಬ್ಬ ಆಟಗಾರನ ಅಂಗಿಯ ಒಳಗೆ ಬೆನ್ನಿನ ಮೇಲೆ ಬಚ್ಚಿಟ್ಟರು. ಅವನ ಹೆಸರು ಚಾರ್ಲ್ಸ್ ಡಿಲನ್. ಚೆಂಡು ಜಾರಬಾರದು ಅಂತ ಅಂಗಿಗೆ ಮೊದಲೇ ಎಲಾಸ್ಟಿಕ್ ಹೊಲಿಸಿದ್ದರು! ಹಾರ್ವರ್ಡಿನವರು ಚೆಂಡು ಎಲ್ಲಿ ಎಲ್ಲಿ ಅಂತ ಹುಡುಕುತ್ತಿದ್ದಾಗ ಡಿಲನ್ ಓಡಿ ಹೋಗಿ ಗೆರೆ ದಾಟಿಬಿಟ್ಟ. ಆದರೂ ಆ ಪಂದ್ಯವನ್ನು 12-11ರಿಂದ ಹಾರ್ವರ್ಡೇ ಗೆದ್ದಿತು.

1907ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಹೊಸ ಆಟವನ್ನು ಚೆನ್ನಾಗಿ ಕಲಿತು ಬಲಿಷ್ಠ ಪೆನ್ಸಿಲ್ವೇನಿಯ ತಂಡವನ್ನು 26-6ರಿಂದ ಸೋಲಿಸಿದರು. ಆ ವರ್ಷ ಹತ್ತು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತರು.

ಜಿಮ್ ಆಟಗಾರರಾದದ್ದು

1907ರಲ್ಲೇ ಒಂದು ದಿನ ಜಿಮ್ ಮೈದಾನದ ಪಕ್ಕ ಹೋಗುತ್ತಿದ್ದರಂತೆ. ಕೆಲವು ಹುಡುಗರು ಎತ್ತರ ಜಿಗಿತ ಅಭ್ಯಾಸ ಮಾಡುತ್ತಿದ್ದರು. ಯಾರಿಗೂ ಕೋಲು ದಾಟಲು ಆಗುತ್ತಿರಲಿಲ್ಲ. ಜಿಮ್ ಕೆಲಸದ ಬಟ್ಟೆಯಲ್ಲೇ ಬಂದು 5 ಅಡಿ 9 ಇಂಚು ಹಾರಿ ಸುಮ್ಮನೆ ಹೊರಟು ಹೋದರು ಎಂದು ಹೇಳುತ್ತಾರೆ. ಇದು ವಾರ್ನರ್ ಕಿವಿಗೆ ಬಿತ್ತು. ಹೀಗೆ ಜಿಮ್ ಕ್ರೀಡಾ ತಂಡಕ್ಕೆ ಸೇರಿದರು. ಫುಟ್‌ಬಾಲ್‌ಗೆ ಸೇರಿಸಲು ವಾರ್ನರ್‌ಗೆ ಮೊದಲು ಇಷ್ಟ ಇರಲಿಲ್ಲ. ಒಳ್ಳೆ ಓಟಗಾರನ ಕಾಲು ಮುರಿದರೆ ಏನು ಮಾಡೋದು ಅಂತ ಹೆದರಿಕೆ. ಆದರೆ ಜಿಮ್ ಚೆಂಡು ಹಿಡಿದು ಓಡಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ.

1911ರ ನವೆಂಬರ್ 11ರಂದು ಹಾರ್ವರ್ಡ್ ಜೊತೆ ಪಂದ್ಯ ನಡೆಯಿತು. ಜಿಮ್ ಕಾಲಿಗೆ ಪೆಟ್ಟಾಗಿತ್ತು. ಪಟ್ಟಿ ಕಟ್ಟಿಕೊಂಡೇ ಆಡಿದರು. ನಾಲ್ಕು ಸಲ ಚೆಂಡನ್ನು ಕಂಬಗಳ ನಡುವೆ ಒದ್ದರು. ಒಂದಕ್ಕೆ 3 ಅಂಕ, ಅಂದರೆ ಅವರ ಒದೆತದಿಂದಲೇ 12 ಅಂಕ. ಉಳಿದ 6 ಸೇರಿ ಕಾರ್ಲೈಲ್ 18, ಹಾರ್ವರ್ಡ್ 15. ಇಡೀ ದೇಶವೇ ಬೆರಗಾಯಿತು. ಆ ವರ್ಷ ಕಾರ್ಲೈಲ್ 11 ಪಂದ್ಯ ಗೆದ್ದು ಸೋತದ್ದು ಒಂದೇ ಒಂದು, ಅದೂ ಸಿರಾಕ್ಯೂಸ್ ತಂಡಕ್ಕೆ ಒಂದೇ ಅಂಕದಿಂದ.

1912ರ ನವೆಂಬರ್ 9ರ ಪಂದ್ಯ ಇನ್ನೂ ದೊಡ್ಡದು. ಎದುರಾಳಿ ವೆಸ್ಟ್ ಪಾಯಿಂಟ್. ಅದು ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಶಾಲೆ. ಅದಕ್ಕೆ 22 ವರ್ಷ ಹಿಂದೆ, 1890ರಲ್ಲಿ, ಅಮೆರಿಕದ ಸೈನ್ಯ ವೂಂಡೆಡ್ ನೀ ಎಂಬಲ್ಲಿ ಮೂಲನಿವಾಸಿಗಳ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದಿತ್ತು. ಆ ಸೈನ್ಯದ ಶಾಲೆಯನ್ನು ಕಾರ್ಲೈಲ್ ಹುಡುಗರು ಮೈದಾನದಲ್ಲಿ 27-6ರಿಂದ ಸೋಲಿಸಿದರು. ಬಂದೂಕು ಇಲ್ಲ, ರಕ್ತ ಇಲ್ಲ, ಬರೀ ಆಟ. ಸೋತ ತಂಡದಲ್ಲಿ ಐಸೆನ್‌ಹೋವರ್ ಎಂಬ ಯುವಕ ಇದ್ದರು. ಮುಂದೆ 1953ರಲ್ಲಿ ಅವರೇ ಅಮೆರಿಕದ ಅಧ್ಯಕ್ಷರಾದರು!

ಒಲಿಂಪಿಕ್ಸ್

ಅದೇ 1912ರ ಜುಲೈನಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಒಲಿಂಪಿಕ್ಸ್ ನಡೆದಿತ್ತು. ಜಿಮ್ ಎರಡು ಸ್ಪರ್ಧೆಗೆ ಇಳಿದರು. ಒಂದು ಪೆಂಟಾಥ್ಲಾನ್, ಅಂದರೆ ಐದು ಆಟ ಸೇರಿ ಒಂದು ಸ್ಪರ್ಧೆ. ಇನ್ನೊಂದು ಡೆಕಾಥ್ಲಾನ್, ಅಂದರೆ ಹತ್ತು ಆಟ. ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ ಎಲ್ಲ ಬರಬೇಕು.

ಪೆಂಟಾಥ್ಲಾನ್‌ನ ಐದರಲ್ಲಿ ನಾಲ್ಕು ಆಟದಲ್ಲಿ ಜಿಮ್ ಮೊದಲು. ಭರ್ಜಿ ಎಸೆತದಲ್ಲಿ ಮಾತ್ರ ಮೂರನೆಯವರು. ಡೆಕಾಥ್ಲಾನ್‌ನಲ್ಲಿ ಆಗಿನ ಲೆಕ್ಕದಲ್ಲಿ 8,412 ಅಂಕ ಪಡೆದರು. ಎರಡನೆಯವರಿಗಿಂತ ಸುಮಾರು 700 ಅಂಕ ಮುಂದೆ! ಅವರ ಬೂಟು ಕಳುವಾಗಿ, ಸಿಕ್ಕಿದ ಬೇರೆ ಬೇರೆ ಜೋಡಿಯ ಬೂಟು ಹಾಕಿಕೊಂಡು ಆಡಿದರು ಅಂತಲೂ ಹೇಳುತ್ತಾರೆ. ಫೋಟೋದಲ್ಲಿ ಎರಡು ಕಾಲಿನಲ್ಲೂ ಬೇರೆ ಬೇರೆ ಬೂಟು ಕಾಣುತ್ತದೆ. ಸ್ವೀಡನ್ ರಾಜರು ಕೈಕುಲುಕಿ ಹೊಗಳಿದರು. ನ್ಯೂಯಾರ್ಕ್‌ನಲ್ಲಿ ಮೆರವಣಿಗೆ ಮಾಡಿದರು. ಅದೇ ಒಲಿಂಪಿಕ್ಸ್‌ನಲ್ಲಿ ಕಾರ್ಲೈಲ್ ಶಾಲೆಯ ಲೂಯಿಸ್ ಟೆವಾನಿಮ ಎಂಬುವರು 10,000 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಒಂದೇ ಶಾಲೆಯಿಂದ ಇಬ್ಬರು!

ಅನ್ಯಾಯ

1913ರ ಜನವರಿಯಲ್ಲಿ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಜಿಮ್ 1909 ಮತ್ತು 1910ರ ಬೇಸಿಗೆಯಲ್ಲಿ ನಾರ್ತ್ ಕೆರೊಲಿನ ರಾಜ್ಯದಲ್ಲಿ ಸ್ವಲ್ಪ ಹಣ ತೆಗೆದುಕೊಂಡು ಬೇಸ್‌ಬಾಲ್ ಆಡಿದ್ದರು ಅಂತ. ಆಗಿನ ನಿಯಮದ ಪ್ರಕಾರ ಯಾವುದೇ ಆಟಕ್ಕೆ ಹಣ ಪಡೆದವರು ಒಲಿಂಪಿಕ್ಸ್‌ಗೆ ಬರುವಂತಿಲ್ಲ. ಬೇಸಿಗೆಯಲ್ಲಿ ಹಾಗೆ ಆಡುವ ಕಾಲೇಜು ಹುಡುಗರು ಎಷ್ಟೋ ಜನ ಇದ್ದರು. ಆದರೆ ಅವರು ಸುಳ್ಳು ಹೆಸರು ಕೊಟ್ಟು ಆಡುತ್ತಿದ್ದರು. ಜಿಮ್ ತಮ್ಮ ನಿಜವಾದ ಹೆಸರಿನಲ್ಲೇ ಆಡಿದ್ದರು. ಸುಳ್ಳು ಹೇಳಿದವರು ಉಳಿದುಕೊಂಡರು, ನಿಜ ಹೇಳಿದವರು ಸಿಕ್ಕಿಬಿದ್ದರು.

ಜಿಮ್ ಪತ್ರ ಬರೆದು ತಾನು ಆಡಿದ್ದು ನಿಜ, ಅದು ತಪ್ಪು ಅಂತ ಗೊತ್ತಿರಲಿಲ್ಲ ಎಂದು ಕ್ಷಮೆ ಕೇಳಿದರು. ಯಾರೂ ಕೇಳಲಿಲ್ಲ. ಎರಡೂ ಚಿನ್ನದ ಪದಕ ವಾಪಸ್ ತೆಗೆದುಕೊಂಡರು, ದಾಖಲೆಯಿಂದ ಹೆಸರು ಅಳಿಸಿದರು. ನಿಯಮದಲ್ಲಿ ಇನ್ನೊಂದು ಮಾತೂ ಇತ್ತು. ತಕರಾರು ಇದ್ದರೆ 30 ದಿನದ ಒಳಗೆ ಹೇಳಬೇಕು ಅಂತ. ಇವರ ಮೇಲೆ ತಕರಾರು ಬಂದದ್ದು ಆರು ತಿಂಗಳ ನಂತರ. ಒಂದು ನಿಯಮ ನೋಡಿದವರು ಇನ್ನೊಂದು ನಿಯಮ ನೋಡಲಿಲ್ಲ.

ಮುಂದಿನ ಜೀವನ

ಜಿಮ್ ಧೈರ್ಯ ಬಿಡಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಬೇಸ್‌ಬಾಲ್ ಆಡಿದರು. ಕ್ಯಾಂಟನ್ ಬುಲ್‌ಡಾಗ್ಸ್ ತಂಡದಲ್ಲಿ ಫುಟ್‌ಬಾಲ್ ಆಡಿದರು. 1920ರಲ್ಲಿ ಫುಟ್‌ಬಾಲ್ ತಂಡಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಾಗ ಜಿಮ್ ಅವರೇ ಮೊದಲ ಅಧ್ಯಕ್ಷರಾದರು. 1922ರಲ್ಲಿ ಆ ಸಂಘಕ್ಕೆ ಎನ್.ಎಫ್.ಎಲ್. ಎಂಬ ಹೆಸರಾಯಿತು. ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ಸಿಕ್ಕಿದ್ದೇ 1924ರಲ್ಲಿ!

ಕಾರ್ಲೈಲ್ ಶಾಲೆಯಲ್ಲಿ ಹಣದ ಲೆಕ್ಕದ ವಿಷಯವಾಗಿ 1914ರಲ್ಲಿ ಸರ್ಕಾರದ ವಿಚಾರಣೆ ನಡೆಯಿತು. ವಾರ್ನರ್ ಬೇರೆ ಕಡೆ ಹೋದರು. 1918ರಲ್ಲಿ ಶಾಲೆಯೇ ಮುಚ್ಚಿತು. 1893ರಿಂದ 1917ರವರೆಗೆ ತಂಡ 167 ಪಂದ್ಯ ಗೆದ್ದು, 88 ಸೋತು, 13 ಸಮ ಮಾಡಿಕೊಂಡಿತ್ತು.

ಜಿಮ್ 1928ರಲ್ಲಿ ಆಟ ನಿಲ್ಲಿಸಿದರು. ಆಮೇಲೆ ಬಹಳ ಕಷ್ಟ ಬಂತು. ದೇಶದಲ್ಲೆಲ್ಲ ಕೆಲಸ ಇಲ್ಲದ ಕಾಲ ಅದು. ಗುದ್ದಲಿ ಹಿಡಿದು ಕೂಲಿ ಮಾಡಿದರು. ಸಿನಿಮಾದಲ್ಲಿ ಸಣ್ಣ ಪುಟ್ಟ ಪಾತ್ರ ಮಾಡಿದರು. ಕುಡಿತದ ಚಟವೂ ಅಂಟಿಕೊಂಡಿತು. 1950ರಲ್ಲಿ ಅಮೆರಿಕದ ಪತ್ರಕರ್ತರು ಕಳೆದ ಐವತ್ತು ವರ್ಷದ ಅತ್ಯುತ್ತಮ ಕ್ರೀಡಾಪಟು ಇವರೇ ಎಂದು ಆರಿಸಿದರು. ಹೆಸರು ಬಂತು, ಆದರೆ ಬಡತನ ಹೋಗಲಿಲ್ಲ. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯದಲ್ಲಿ ನಿಧನರಾದರು. ಪದಕ ವಾಪಸ್ ಬಂದದ್ದನ್ನು ಅವರು ನೋಡಲೇ ಇಲ್ಲ.

ಕೊನೆಗೂ ನ್ಯಾಯ

ಅವರ ಮಕ್ಕಳು ಮತ್ತು ಅಭಿಮಾನಿಗಳು ಹೋರಾಟ ಬಿಡಲಿಲ್ಲ. 30 ದಿನದ ನಿಯಮವನ್ನು ಹುಡುಕಿ ತೆಗೆದು ತೋರಿಸಿದರು. 1982ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿಕೊಂಡಿತು. 1983ರ ಜನವರಿಯಲ್ಲಿ ಪದಕದ ಪ್ರತಿಗಳನ್ನು ಮಕ್ಕಳ ಕೈಗೆ ಕೊಟ್ಟರು. ಆದರೆ ಅರ್ಧ ನ್ಯಾಯ ಮಾತ್ರ. ದಾಖಲೆಯಲ್ಲಿ ಬೇರೆಯವರ ಜೊತೆ ಜಂಟಿ ವಿಜೇತ ಅಂತ ಬರೆದರು. 2022ರ ಜುಲೈನಲ್ಲಿ ಜಿಮ್ ಥೋರ್ಪ್ ಒಬ್ಬರೇ ವಿಜೇತರು ಎಂದು ತಿದ್ದಿದರು. ಗೆದ್ದು ಆಗ ಸರಿಯಾಗಿ 110 ವರ್ಷ! 2024ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಮರಣೋತ್ತರವಾಗಿ ದೊಡ್ಡ ನಾಗರಿಕ ಗೌರವವನ್ನೂ ಕೊಟ್ಟಿತು.

ಗೆಳೆಯರೇ, ಇದರಿಂದ ನಾವು ತಿಳಿಯುವುದು ಏನೆಂದರೆ, ಪದಕ ಕಿತ್ತುಕೊಳ್ಳಬಹುದು, ಆದರೆ ಓಡಿದ ಓಟವನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ಇನ್ನೊಂದು, ನಿಯಮ ಎಲ್ಲರಿಗೂ ಒಂದೇ ಇರಬೇಕು. ಬಡವರಿಗೆ ಒಂದು, ದೊಡ್ಡವರಿಗೆ ಒಂದು ಇರಬಾರದು. ನಾವು ಆಡುವ ಕಬಡ್ಡಿಯಲ್ಲೂ ಅಷ್ಟೇ. ಔಟ್ ಅಂದರೆ ಯಾರಾದರೂ ಔಟೇ.

ಓದಿದ್ದು ನೆನಪಿದೆಯೇ? ಉತ್ತರ ಹೇಳಿ:
1. ವಾ-ಥೋ-ಹುಕ್ ಎಂದರೆ ಅರ್ಥವೇನು?
2. ಡಿಲನ್ ಚೆಂಡನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ?
3. ತಕರಾರು ಎಷ್ಟು ದಿನದ ಒಳಗೆ ಬರಬೇಕಿತ್ತು? ಎಷ್ಟು ತಿಂಗಳ ನಂತರ ಬಂತು?

ಬರಹ: 7ನೇ ತರಗತಿ