ಪತ್ರಿಕಾ ಪಿತಾಮಹ ಮೊಗ್ಲಿಂಗ್: ಸಭೆಯೊಳಗೆ ಕರುಣೆಯನ್ನು ಬಾಳಿದವರು

ಗಂಗಾನಗರ, ಬೆಂಗಳೂರು: ಪ್ರತಿವರ್ಷ ಜುಲೈ 1ರಂದು ನಾಡಿನ ಪತ್ರಕರ್ತರು ಹರ್ಮನ್ ಮೊಗ್ಲಿಂಗ್ ಅವರನ್ನು ಸ್ಮರಿಸುತ್ತಾರೆ. 1843ರ ಅದೇ ದಿನ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣಗೊಂಡ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಮನ್ನಣೆ ಪಡೆದಿದೆ. ಭಾವಚಿತ್ರಕ್ಕೆ ಮಾಲೆ ಹಾಕಿ, ನಾಲ್ಕು ಮಾತು ಆಡಿದರೆ ಆ ದಿನದ ಕರ್ತವ್ಯ ಮುಗಿಯುತ್ತದೆ. ಆದರೆ ಪತ್ರಿಕೆ ಅವರ ಬಾಳಿನ ಒಂದು ಅಧ್ಯಾಯ ಮಾತ್ರ. ಉಪದೇಶಿಸಿದ ಕೃಪೆಯನ್ನು ಸಹವಿಶ್ವಾಸಿಗಳ ನಡುವೆ ಬಾಳಿ ತೋರಿಸಲು ಅವರು ನಡೆಸಿದ ಹೆಣಗಾಟ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳದಂತಹ ಬಡಾವಣೆಗಳಿಗೆ ನಾನಾ ಊರು, ಭಾಷೆ, ಜಾತಿಮೂಲಗಳಿಂದ ಬಂದ ಕ್ರೈಸ್ತರು ಭಾನುವಾರ ಒಂದೇ ಪೀಠದ ಮುಂದೆ ಸೇರುತ್ತಾರೆ. ಹಾಗೆ ಸೇರಿದವರು ವಾರದ ಉಳಿದ ಆರು ದಿನಗಳಲ್ಲಿ ಒಬ್ಬರಿಗೊಬ್ಬರು ಏನಾಗಿರಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಮೊಗ್ಲಿಂಗರ ಬದುಕು ಆ ಪ್ರಶ್ನೆಯ ಸುತ್ತಲೇ ಸುತ್ತಿತು.

ಮೊಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಅಭ್ಯಾಸ ಮಾಡಿದ ಅವರು ಬಾಸೆಲ್ ಮಿಷನ್ ಸೇರಿ, 1836ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಕನ್ನಡ ಕಲಿತರು, ಹುಡುಗರಿಗಾಗಿ ವಸತಿಶಾಲೆ ತೆರೆದರು.

ಅವರ ನಂಬಿಕೆಗೆ ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು 1844ರಲ್ಲಿ. ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಎಂಬ ವಿದ್ಯಾರ್ಥಿ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದಾಗ ಪಟ್ಟಣದಲ್ಲಿ ಕೋಲಾಹಲವೆದ್ದಿತು. ಮಗನನ್ನು ಕಳೆದುಕೊಂಡ ಮನೆಯವರ ಸಂಕಟ ಸಣ್ಣದಲ್ಲ. ಅಂದಿನ ದಿನಗಳಲ್ಲಿ ಮತಾಂತರವೆಂದರೆ ಮನೆ, ನಂಟು, ಆಸ್ತಿ ಎಲ್ಲವೂ ಕೈಬಿಟ್ಟಂತೆ. ಮತ ಬದಲಿಸಿದವರ ವಾರಸುದಾರಿಕೆಯ ಹಕ್ಕಿಗೆ ರಕ್ಷಣೆ ನೀಡುವ ಕಾನೂನು ಜಾರಿಗೆ ಬಂದದ್ದು 1850ರಲ್ಲಿ. ಹೀಗಿರುವಾಗ ತರುಣನನ್ನು ಬರಮಾಡಿಕೊಂಡ ಸಭೆಗೆ ಪ್ರಾರ್ಥನೆ ಹೇಳಿಕೊಟ್ಟರೆ ಸಾಲುತ್ತಿರಲಿಲ್ಲ; ಅದು ಅವನಿಗೆ ಮನೆಯೂ ಆಗಬೇಕಿತ್ತು.

ಮೊಗ್ಲಿಂಗ್ ಆ ಹೊಣೆಯನ್ನು ತಾವೇ ಹೊತ್ತರು. 1846ರಲ್ಲಿ ಯುರೋಪಿಗೆ ಹೊರಟಾಗ ಕೌಂಡಿನ್ಯರನ್ನು ಜೊತೆಗೆ ಕರೆದೊಯ್ದರು. ಆ ಕಾಲದಲ್ಲಿ ಭಾರತೀಯ ವಿಶ್ವಾಸಿಗಳು ಸಾಮಾನ್ಯವಾಗಿ ಉಪದೇಶಿಗಳಾಗಿ ವಿದೇಶೀಯರ ಕೈಕೆಳಗೆ ದುಡಿಯಬೇಕಾಗಿತ್ತು. ಕೌಂಡಿನ್ಯರಾದರೋ ಬಾಸೆಲ್‌ನಲ್ಲಿ ಜರ್ಮನ್ ತರುಣರ ಪಂಕ್ತಿಯಲ್ಲೇ ಕುಳಿತು ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು, ಮಿಷನರಿಯಾಗಿಯೇ ತಾಯ್ನಾಡಿಗೆ ಮರಳಿದರು. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರೆಂದು ಹೆಸರಾದರು. ಆಶ್ರಯ ಕೊಡುವುದು ಒಂದು ಬಗೆಯ ಕರುಣೆ. ಆಶ್ರಯ ಪಡೆದವನನ್ನು ತನ್ನ ಸಮಕ್ಕೆ ಕೂರಿಸಿಕೊಳ್ಳುವುದು ಅದಕ್ಕಿಂತ ಕಠಿಣವಾದದ್ದು.

1853ರ ಹೊತ್ತಿಗೆ ಅವರ ದಾರಿ ಕೊಡಗಿನತ್ತ ತಿರುಗಿತು. ಅಲಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ಕ್ರೈಸ್ತಮತ ಸ್ವೀಕರಿಸಿ ಸ್ತೆಫನಸ್ ಎನಿಸಿಕೊಂಡಿದ್ದರು. ಊರಿಗೆ ಮರಳಿದರೆ ಬಹಿಷ್ಕಾರ ಕಾದಿತ್ತು. ಅವರನ್ನು ಒಂಟಿಯಾಗಿ ಕಳುಹಿಸಲು ಮೊಗ್ಲಿಂಗರ ಮನಸ್ಸು ಒಪ್ಪಲಿಲ್ಲ. ತಾವೂ ಬೆಟ್ಟ ಹತ್ತಿದರು. ಕೊಡಗಿನ ಕೆಲಸ ಹೀಗೆ ಅವರ ಸ್ವಂತ ಹೊಣೆಯಲ್ಲಿ ಆರಂಭವಾಯಿತು. ಬಾಸೆಲ್ ಮಿಷನ್ ಅದನ್ನು ವಹಿಸಿಕೊಂಡದ್ದು ಆಮೇಲೆ.

ಕೊಡಗಿನಲ್ಲಿ ಇನ್ನೂ ಬಿಗಿಯಾದ ಗಂಟೊಂದು ಎದುರಾಯಿತು. ಸಭೆ ಸೇರಲು ಮುಂದೆ ಬಂದವರಲ್ಲಿ ಅಂದು ಅಸ್ಪೃಶ್ಯರೆನಿಸಿದ್ದ ಹೊಲೆಯ ಸಮುದಾಯದ ಭೂಹೀನರಿದ್ದರು. ತಲೆತಲಾಂತರದಿಂದ ಅವರು ಒಡೆಯರ ಹೊಲಗದ್ದೆಗಳಿಗೆ ಅಂಟಿಕೊಂಡು ದುಡಿದವರು. ಭೂಮಿಯುಳ್ಳ ಕೊಡವರೂ ಜೀತದ ನೆನಪು ಹೊತ್ತವರೂ ಕರ್ತನ ಭೋಜನಕ್ಕೆ ಒಂದೇ ಮೇಜಿನ ಬಳಿ ಬರಬೇಕೆಂದರೆ ಪ್ರಸಂಗ ಮಾತ್ರ ಸಾಲದು, ಕಾಲೂರಲು ನೆಲವೂ ಬೇಕು. ಅವರಿಗಾಗಿ ಮೊಗ್ಲಿಂಗ್ ನೆಲೆಗೊಳಿಸಿದ ಊರೇ ಆನಂದಪುರ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರ ಹೆಸರನ್ನೇ ಈ ಊರಿಗೆ ಇಡಲಾಯಿತು. ಮುಂದೆ ಕೌಂಡಿನ್ಯರೂ ಅಲ್ಲಿ ಸೇವೆ ಸಲ್ಲಿಸಿದರು.

ಇದೇ ಅವಧಿಯಲ್ಲಿ ದುಃಖ ಮೊಗ್ಲಿಂಗರ ಬಂಧುವರ್ಗವನ್ನೂ ತಟ್ಟಿತು. ಬೈಬಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದ ಅವರ ಬಂಧು ಹಾಗೂ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗಲ್ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲಿನ್ ಅವರನ್ನು ಮೊಗ್ಲಿಂಗ್ ವಿವಾಹವಾಗಿ, ತಂದೆಯಿಲ್ಲದ ಮಕ್ಕಳಿಗೆ ತಂದೆಯಾದರು.

ಅನ್ಯಮತದವರ ಸಾಹಿತ್ಯವನ್ನೂ ಅವರು ಗೌರವದಿಂದ ಕಂಡರು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ಹರಿದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಈ ಕಾರ್ಯಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು.

ಪತ್ನಿಯ ಅನಾರೋಗ್ಯದಿಂದಾಗಿ 1860ರ ಸುಮಾರಿಗೆ ಅವರು ಜರ್ಮನಿಗೆ ಮರಳಬೇಕಾಯಿತು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ನಿಧನರಾದರು.

ಮೊಗ್ಲಿಂಗ್ ಜಾತಿಯನ್ನು ಗೆದ್ದರೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಸಭೆಗಳೊಳಗಿನ ತಾರತಮ್ಯದ ವಿರುದ್ಧ ದಲಿತ ಕ್ರೈಸ್ತರು ಇಂದಿಗೂ ದನಿ ಎತ್ತುತ್ತಿದ್ದಾರೆ. ಗಂಗಾನಗರಕ್ಕೆ ಹೆಚ್ಚು ದೂರವಲ್ಲದ ಬೆನ್ಸನ್ ಟೌನ್‌ನಲ್ಲಿ, 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೇರೆ ಬೇರೆ ಸಭೆಗಳ ವಿದ್ಯಾರ್ಥಿಗಳು ಒಟ್ಟಿಗೆ ಓದುತ್ತಾರೆ. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಹೀಗೆ ಸಂಸ್ಥೆಗಳು ಒಂದಾದವು. ಮನೆಗಳ ಬಾಗಿಲು ತೆರೆಯುವ ಕೆಲಸ ಮಾತ್ರ ಪ್ರತಿ ತಲೆಮಾರಿಗೂ ಹೊಸದಾಗಿಯೇ ಬರುತ್ತದೆ.

ಮುಂದಿನ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ನೆನೆಯುವಾಗ ಆನಂದಪುರದ ಹೆಸರನ್ನೂ ಒಮ್ಮೆ ನೆನೆಯುವುದು ಉಚಿತ.