ಗುಣನಿಯಂತ್ರಣದ ಪಿತಾಮಹ ಶೂಹಾರ್ಟ್

ಸಂಖ್ಯಾಶಾಸ್ತ್ರವೆಂದೊಡನೆ ನಮ್ಮಲ್ಲಿ ಹಲವರಿಗೆ ಜ್ಞಾಪಕಕ್ಕೆ ಬರುವುದು ಪರೀಕ್ಷೆಯ ಹಿಂದಿನ ರಾತ್ರಿ! ಆ ಶಾಸ್ತ್ರವನ್ನು ಕಾರ್ಖಾನೆಯೊಳಕ್ಕೆ ಕೊಂಡೊಯ್ದ ಮಹನೀಯರಲ್ಲಿ ವಾಲ್ಟರ್ ಶೂಹಾರ್ಟರು ಅಗ್ರಗಣ್ಯರು.

ಅವರು ಹುಟ್ಟಿದ್ದು 1891ರಲ್ಲಿ, ಅಮೆರಿಕದ ಇಲಿನಾಯ್ ಸಂಸ್ಥಾನದ ನ್ಯೂ ಕ್ಯಾಂಟನ್ ಎಂಬ ಊರಿನಲ್ಲಿ. 1917ರಲ್ಲಿ ಬರ್ಕ್ಲಿಯಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಮರುವರ್ಷ ಟೆಲಿಫೋನ್ ಸಲಕರಣೆಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯನ್ನು ಸೇರಿದರು. ಮಾಲು ತಯಾರಾದ ಮೇಲೆ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸುವುದು ಆಗಿನ ಪದ್ಧತಿ. ಆದರೆ ಕೆಲವು ಸಲಕರಣೆಗಳನ್ನು ನೆಲದಡಿಯಲ್ಲಿ ಹೂಳಬೇಕಾಗಿತ್ತು. ಅವು ಕೆಟ್ಟರೆ ಮತ್ತೆ ಅಗೆಯಬೇಕು. ಆದ್ದರಿಂದ ದೋಷವನ್ನು ಹುಟ್ಟುವಲ್ಲಿಯೇ ಹಿಡಿಯುವುದು ಅವಶ್ಯವಾಯಿತು.

ಶೂಹಾರ್ಟರು ಕಂಡ ಸತ್ಯ ನಮ್ಮ ಅಡುಗೆಮನೆಯಲ್ಲಿಯೂ ಉಂಟು. ಒಂದೇ ಹಿಟ್ಟು, ಒಂದೇ ಕಾವಲಿ, ಒಂದೇ ಕೈ. ಆದರೂ ಎರಡು ದೋಸೆಗಳು ಒಂದೇ ಅಳತೆಯಲ್ಲಿರುವುದಿಲ್ಲ. ಇದು ಸಹಜವಾದ ಏರುಪೇರು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಹಿಟ್ಟು ಹುದುಗದ ದಿನದ ದೋಸೆಯ ಮಾತು ಬೇರೆ. ಅಲ್ಲಿ ಹುಡುಕಿದರೆ ಸಿಕ್ಕುವ ಕಾರಣವೊಂದಿದೆ. ಇವೆರಡನ್ನೂ ವಿಂಗಡಿಸುವುದು ಹೇಗೆ? 1924ರ ಮೇ 16ರಂದು ಅವರು ತಮ್ಮ ಮೇಲಧಿಕಾರಿಗೆ ಕಳುಹಿಸಿದ ಒಂದೇ ಪುಟದ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಾಗಿ ಒಂದು ನಕ್ಷೆಯಿತ್ತು. ಆ ನಕ್ಷೆಯೇ ಮುಂದೆ ಬೆಳೆದು ನಿಯಂತ್ರಣ ನಕ್ಷೆಯಾಯಿತು: ನಡುವೆ ಸರಾಸರಿಯ ಗೆರೆ, ಅದರ ಮೇಲೂ ಕೆಳಗೂ ಮೂರು ಪ್ರಮಾಣ ವಿಚಲನೆಯಷ್ಟು ದೂರದಲ್ಲಿ ಎರಡು ಎಲ್ಲೆಗಳು. ಚುಕ್ಕೆ ಎಲ್ಲೆಯನ್ನು ದಾಟಿತೋ, ಕಾರಣವನ್ನು ಹುಡುಕಬೇಕು. ದಾಟದೆ, ಎಲ್ಲೆಗಳ ನಡುವೆ ಗೊತ್ತುಗುರಿಯಿಲ್ಲದೆ ಏರಿಳಿಯುತ್ತಿದ್ದರೆ, ಯಂತ್ರವನ್ನು ಅದರ ಪಾಡಿಗೆ ಬಿಡಬೇಕು. ಪ್ರತಿ ಸಣ್ಣ ವ್ಯತ್ಯಾಸಕ್ಕೂ ಯಂತ್ರವನ್ನು ತಿರುಚುವವನು ಏರುಪೇರನ್ನು ಹೆಚ್ಚಿಸುತ್ತಾನೆಯೇ ಹೊರತು ತಗ್ಗಿಸುವುದಿಲ್ಲ. ಕೆಲಸಗಾರನನ್ನು ಗದರಿಸುವ ಮೇಸ್ತ್ರಿಗೂ ಈ ಮಾತು ಸಲ್ಲುತ್ತದೆ.

ಮೂರೇ ಏಕೆ ಎಂದು ಗಣಿತದ ವಿದ್ಯಾರ್ಥಿ ಕೇಳಬಹುದು. ಇಲ್ಲದ ಕಾರಣವನ್ನು ಹುಡುಕುವುದೂ ನಷ್ಟ, ಇರುವ ಕಾರಣವನ್ನು ಕಾಣದಿರುವುದೂ ನಷ್ಟ. ಇವೆರಡನ್ನೂ ತೂಗಿ, ಅನುಭವದಿಂದ ನಿಲ್ಲಿಸಿದ ಗಡಿ ಅದು. ಅಂಕೆಗಳನ್ನು ಬರೆದ ಬಿಲ್ಲೆಗಳನ್ನು ಬೋಗುಣಿಯೊಂದರಲ್ಲಿ ಹಾಕಿ, ಸಾವಿರಾರು ಸಲ ಎತ್ತಿ ನೋಡಿ, ಅವರು ತಮ್ಮ ತರ್ಕವನ್ನು ಒರೆಗೆ ಹಚ್ಚಿದರು. ಎಂಥ ತಾಳ್ಮೆ!

1925ರಿಂದ 1956ರವರೆಗೆ ಅವರು ಬೆಲ್ ಪ್ರಯೋಗಾಲಯದಲ್ಲಿದ್ದರು. 1931ರಲ್ಲಿ ಅವರ ಮುಖ್ಯ ಗ್ರಂಥ ಪ್ರಕಟವಾಯಿತು. 1939ರ ಗ್ರಂಥವನ್ನು ಸಂಪಾದಿಸಿದ ಡೆಮಿಂಗರು 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಈ ವಿದ್ಯೆಯನ್ನು ಬೋಧಿಸಿದರು. ಜಪಾನೀಯರು ತಮ್ಮ ಪಾರಿತೋಷಕಕ್ಕೆ ಡೆಮಿಂಗರ ಹೆಸರಿಟ್ಟರು. ಗುರುವಿನ ಹೆಸರು ಹಿಂದುಳಿಯಿತು.

ಅದಕ್ಕೆ ಮುನ್ನವೇ, 1947-48ರಲ್ಲಿ, ಮಹಲನೋಬಿಸರ ಆಹ್ವಾನದ ಮೇರೆಗೆ ಶೂಹಾರ್ಟರು ಭಾರತಕ್ಕೆ ಬಂದಿದ್ದರು. ಆಗತಾನೆ ಸ್ವತಂತ್ರವಾಗಿದ್ದ ದೇಶವನ್ನು ಸುತ್ತಿ, ಸಮ್ಮೇಳನಗಳನ್ನು ನಡೆಸಿ, ನಮ್ಮ ಕೈಗಾರಿಕೋದ್ಯಮಿಗಳಲ್ಲಿ ಈ ವಿಷಯದ ಆಸಕ್ತಿಯನ್ನು ಕುದುರಿಸಿದರು. 1967ರ ಮಾರ್ಚ್ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ಅವರು ತೀರಿಕೊಂಡರು.